ಕೈಬಿಟ್ಟ ಹೆಸರುಗಳ ಪೆಟ್ಟಿಗೆ: ಕಾರ್ಟೂನ್ ನಾಮಕರಣದ ಕಾರ್ಡುಗಳ ವಿಮರ್ಶೆ

ಹಳೆಯ ಕಾರ್ಟೂನ್ ಪಾತ್ರಗಳಿಗೆ ಹೆಸರು ಬಂದ ಬಗೆಯನ್ನೇ ವಸ್ತುವಾಗಿಸಿಕೊಂಡ ಐವತ್ತೆರಡು ಕಾರ್ಡುಗಳ ಪೆಟ್ಟಿಗೆಯೊಂದನ್ನು ಕೊಂಡು, ಎಲ್ಲ ಕಾರ್ಡುಗಳನ್ನೂ ಓದಿ, ಆಟವಾಗಿಯೂ ಆಡಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಂಥ ಪೆಟ್ಟಿಗೆಗಳು ಹಲವು ಗುರುತುಗಳಲ್ಲಿ ಬರುವುದರಿಂದ ತಯಾರಕರ ಹೆಸರನ್ನು ಬದಿಗಿಟ್ಟು ಒಳಗಿನ ಸರಕಿನ ಬಗ್ಗೆ ಮಾತ್ರ ಮಾತನಾಡುತ್ತೇನೆ. ಪ್ರತಿ ಕಾರ್ಡಿನ ಮುಂಭಾಗದಲ್ಲಿ ಪಾತ್ರಕ್ಕೆ ಮೊದಲು ಇಟ್ಟು ಆಮೇಲೆ ಕೈಬಿಟ್ಟ ಹೆಸರು, ಅಂಥದ್ದು ಇಲ್ಲದಿದ್ದರೆ ಒಂದು ಸುಳಿವು ಇದೆ. ಹಿಂಭಾಗದಲ್ಲಿ ಇಂದಿನ ಹೆಸರು, ಅದನ್ನು ಇಟ್ಟವರು, ವರ್ಷ, ಆರೇಳು ಸಾಲಿನ ಕಥೆ ಇದೆ. ಮುಂಭಾಗವನ್ನು ಓದಿ ಪಾತ್ರ ಯಾವುದೆಂದು ಊಹಿಸುವುದು ಒಂದು ಆಟ, ಕಾರ್ಡುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು ಇನ್ನೊಂದು ಆಟ. ಮೊದಲನೆಯದು ಬಹಳ ಚೆನ್ನಾಗಿದೆ. ಎರಡನೆಯದು ಏಕೆ ಕೆಟ್ಟಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕೈಬಿಟ್ಟ ಹೆಸರನ್ನು ಮುಂದಿಟ್ಟಿರುವುದೇ ಈ ಪೆಟ್ಟಿಗೆಯ ಹೆಚ್ಚುಗಾರಿಕೆ. ಹೆಸರಿಗೆ ಸ್ಫೂರ್ತಿ ಯಾರು ಎಂಬ ಕಥೆಗಳು ಬಹುಮಟ್ಟಿಗೆ ಎಷ್ಟೋ ವರ್ಷಗಳ ನಂತರ ಸಂದರ್ಶನಗಳಲ್ಲಿ ಹುಟ್ಟಿಕೊಂಡವು, ಬಾಯಿಂದ ಬಾಯಿಗೆ ಬೆಳೆದವು. ಆದರೆ ಬಿಟ್ಟ ಹೆಸರು ಹಾಗಲ್ಲ. ಅದು ಹಳೆಯ ಚಿತ್ರದ ಸಂಭಾಷಣೆಯಲ್ಲಿಯೋ ಸ್ಟುಡಿಯೋದ ರೇಖಾಚಿತ್ರದ ಹಾಳೆಯಲ್ಲಿಯೋ ಮುದ್ರಿತ ಪುಸ್ತಕದಲ್ಲಿಯೋ ಉಳಿದುಕೊಂಡಿರುತ್ತದೆ. ಬೇಕೆಂದವರು ತೆಗೆದು ನೋಡಬಹುದು. ಈ ಪೆಟ್ಟಿಗೆ ಬಿಟ್ಟ ಹೆಸರನ್ನು ಹಿಡಿದು ನಡೆದಲ್ಲೆಲ್ಲ ಗಟ್ಟಿಯಾಗಿದೆ, ಸ್ಫೂರ್ತಿಯ ಕಥೆಯನ್ನು ನೆಚ್ಚಿದಲ್ಲೆಲ್ಲ ಎಡವಿದೆ ಎಂಬುದು ನನ್ನ ಒಟ್ಟು ಅಭಿಪ್ರಾಯ.

ಅತ್ಯುತ್ತಮವಾದ ಕಾರ್ಡು ಟಾಮ್ ಮತ್ತು ಜೆರ್ರಿಯದು. ಮುಂಭಾಗದಲ್ಲಿ ‘ಜಾಸ್ಪರ್’ ಎಂದಷ್ಟೇ ಇದೆ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೋಗಾಗಿ 1940ರಲ್ಲಿ ಮಾಡಿದ ‘ಪಸ್ ಗೆಟ್ಸ್ ದ ಬೂಟ್’ ಚಿತ್ರದಲ್ಲಿ ಬೆಕ್ಕನ್ನು ಮನೆಗೆಲಸದಾಕೆ ಕರೆಯುವುದು ಜಾಸ್ಪರ್ ಎಂದೇ. ಇಲಿಗೆ ತೆರೆಯ ಮೇಲೆ ಹೆಸರೇ ಇಲ್ಲ. ಒಂದೇ ಚಿತ್ರಕ್ಕೆಂದು ಹುಟ್ಟಿದ ಜೋಡಿ ಅದು. ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡು ಜನಪ್ರಿಯವಾದ ಮೇಲೆ ಜೋಡಿಯನ್ನು ಮುಂದುವರಿಸಬೇಕಾಯಿತು, ಮುಂದುವರಿಸಲು ಹೆಸರು ಬೇಕಾಯಿತು. ಸ್ಟುಡಿಯೋದೊಳಗೆ ಒಂದು ಸ್ಪರ್ಧೆ ನಡೆಯಿತು. ಚಿತ್ರಕಾರ ಜಾನ್ ಕಾರ್ ಸೂಚಿಸಿದ ಹೆಸರಿಗೆ 50 ಡಾಲರ್ ಬಹುಮಾನ ಸಿಕ್ಕಿತು. 1941ರ ‘ದ ಮಿಡ್‌ನೈಟ್ ಸ್ನ್ಯಾಕ್’ ಹೊತ್ತಿಗೆ ಅವು ಟಾಮ್ ಮತ್ತು ಜೆರ್ರಿ ಆಗಿದ್ದವು.

ಕಾರ್ಡು ಇಲ್ಲಿಗೇ ನಿಲ್ಲದೆ ಹೆಸರಿನ ಹಿಂದಿನ ಜನ್ಮಗಳನ್ನೂ ಹೇಳಿರುವುದು ಮೆಚ್ಚುವಂಥದ್ದು. ಟಾಮ್ ಮತ್ತು ಜೆರ್ರಿ ಎಂಬ ಜೋಡಿಹೆಸರು ಇಂಗ್ಲಿಷಿನಲ್ಲಿ ಪ್ರಚಾರಕ್ಕೆ ಬಂದದ್ದು 1821ರಲ್ಲಿ ಪ್ರಕಟವಾಗತೊಡಗಿದ ಪಿಯರ್ಸ್ ಈಗನ್ನನ ‘ಲೈಫ್ ಇನ್ ಲಂಡನ್’ ಎಂಬ ಕೃತಿಯಿಂದ; ಅದರಲ್ಲಿ ಆ ಹೆಸರಿನ ಇಬ್ಬರು ಲಂಡನ್ನಿನಲ್ಲಿ ಮೋಜುಮಾಡಿಕೊಂಡು ತಿರುಗುವ ತರುಣರು. ಅನಂತರ ಅದು ಮೊಟ್ಟೆ ಬೆರೆಸಿದ ಒಂದು ಬಿಸಿ ಮದ್ಯದ ಹೆಸರಾಯಿತು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, 1931ರಿಂದ 1933ರವರೆಗೆ ವ್ಯಾನ್ ಬ್ಯೂರೆನ್ ಸ್ಟುಡಿಯೋ ಇದೇ ಹೆಸರಿನ ಕಾರ್ಟೂನುಗಳನ್ನು ತಯಾರಿಸುತ್ತಿತ್ತು. ಅದರಲ್ಲಿ ಟಾಮ್ ಮತ್ತು ಜೆರ್ರಿ ಒಬ್ಬ ಉದ್ದನೆಯ, ಒಬ್ಬ ಗಿಡ್ಡನೆಯ ಮನುಷ್ಯರು. ಅಲ್ಲಿ ಕೆಲಸ ಮಾಡಿದ ಎಳೆಯ ಚಿತ್ರಕಾರರಲ್ಲಿ ಬಾರ್ಬೆರಾ ಕೂಡ ಒಬ್ಬರು. ಬೆಕ್ಕು ಮತ್ತು ಇಲಿಯ ಜೋಡಿ ಪ್ರಸಿದ್ಧವಾದ ಮೇಲೆ ಆ ಹಳೆಯ ಮನುಷ್ಯರಿಬ್ಬರಿಗೆ ಡಿಕ್ ಮತ್ತು ಲ್ಯಾರಿ ಎಂದು ಹೊಸದಾಗಿ ಹೆಸರಿಡಲಾಯಿತು. ಮೊದಲು ಬಂದವರೇ ಹೆಸರು ಕಳೆದುಕೊಂಡ ಈ ಪ್ರಸಂಗವನ್ನು ಕಾರ್ಡು ಒಂದೇ ಸಾಲಿನಲ್ಲಿ ಮುಗಿಸಿದೆ. ಇನ್ನೂ ಎರಡು ಸಾಲು ಕೊಡಬಹುದಿತ್ತು.

ಬಗ್ಸ್ ಬನ್ನಿಯ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂಭಾಗದಲ್ಲಿ ಆ ಹೆಸರೇ ಇದೆ, ಆದರೆ ‘ಬಗ್ಸ್’ ಎಂಬುದರ ಕೊನೆಯ ಅಕ್ಷರದ ನೆತ್ತಿಯ ಮೇಲೆ ಷಷ್ಠೀ ವಿಭಕ್ತಿಯನ್ನು ಸೂಚಿಸುವ ಒಂದು ಸಣ್ಣ ಕೊಂಬಿನಂಥ ಗುರುತನ್ನು ಕೆಂಪು ಶಾಯಿಯಲ್ಲಿ ಮುದ್ರಿಸಿದ್ದಾರೆ. ಒಗಟು ಅಷ್ಟೇ. 1938ರಲ್ಲಿ ಒಂದು ತರಲೆ ಮೊಲದ ಚಿತ್ರವನ್ನು ನಿರ್ದೇಶಿಸಿದವರಲ್ಲಿ ಬೆನ್ ಹಾರ್ಡವೇ ಒಬ್ಬರು. ಅವರ ಅಡ್ಡಹೆಸರು ಬಗ್ಸ್. ಮೊಲದ ರೂಪವನ್ನು ತಿದ್ದಲು ಚಾರ್ಲಿ ಥಾರ್ಸನ್ ಎಂಬ ಚಿತ್ರಕಾರರಿಗೆ ಒಪ್ಪಿಸಿದಾಗ ಅವರು ತಮ್ಮ ಮಾದರಿ ಹಾಳೆಯ ಮೇಲೆ, ಇದು ಬಗ್ಸ್ ಅವರ ಮೊಲ ಎಂಬರ್ಥದಲ್ಲಿ, ಆ ಗುರುತಿನೊಂದಿಗೆ ಬರೆದರು. ಕಡತಕ್ಕೆಂದು ಬರೆದ ಚೀಟಿ ಅದು. ಗುರುತು ಉದುರಿತು, ಹೆಸರು ಉಳಿಯಿತು. ಮೊಲಕ್ಕೆ ಇಂದಿನ ವ್ಯಕ್ತಿತ್ವ ಬಂದದ್ದು ಟೆಕ್ಸ್ ಏವರಿ ನಿರ್ದೇಶಿಸಿದ 1940ರ ‘ಎ ವೈಲ್ಡ್ ಹೇರ್’ ಚಿತ್ರದಲ್ಲಿ. ಹೆಸರು ತೆರೆಯ ಮೇಲೆ ಮೂಡಿದ್ದು 1941ರ ‘ಎಲ್ಮರ್ಸ್ ಪೆಟ್ ರ‍್ಯಾಬಿಟ್’ ಚಿತ್ರದಲ್ಲಿ. ಹೆಸರಿಡುವುದಕ್ಕೆಂದು ಯಾರೂ ಕುಳಿತು ಆಲೋಚಿಸದೆಯೇ ಜಗತ್ಪ್ರಸಿದ್ಧ ಹೆಸರೊಂದು ಹುಟ್ಟಿದ್ದನ್ನು ಒಂದು ಕೆಂಪು ಗುರುತಿನಿಂದ ತೋರಿಸಿದ ಈ ವಿನ್ಯಾಸಕಾರರಿಗೆ ನನ್ನ ಪೂರ್ಣ ಅಂಕ.

ಇದೇ ಕಾರ್ಡು ಕಾಲಾನುಕ್ರಮದ ಆಟ ಏಕೆ ಕೆಟ್ಟಿದೆ ಎಂಬುದನ್ನೂ ತೋರಿಸುತ್ತದೆ. ಬಗ್ಸ್ ಬನ್ನಿಯ ವರ್ಷ 1938ಯೋ, 1940ಯೋ, 1941ಯೋ? ಕಾರ್ಡಿನ ಮೂಲೆಯಲ್ಲಿ 1938 ಎಂದಿದೆ, ಅಂದರೆ ಮೊದಲ ಮೊಲದ ವರ್ಷ. ಟಾಮ್ ಮತ್ತು ಜೆರ್ರಿಯ ಮೂಲೆಯಲ್ಲಿ 1941 ಎಂದಿದೆ, ಅಂದರೆ ಹೆಸರು ಬಂದ ವರ್ಷ. ಚಿಪ್ ಮತ್ತು ಡೇಲ್ ಎಂಬ ಅಳಿಲು ಜೋಡಿ ತೆರೆಗೆ ಬಂದದ್ದು 1943ರಲ್ಲಿ, ಹೆಸರು ಪಡೆದದ್ದು 1947ರಲ್ಲಿ. ಕಾರ್ಡಿನಲ್ಲಿ 1943 ಮಾತ್ರ ಇದೆ. ಪಾತ್ರ ಹುಟ್ಟಿದ ವರ್ಷಕ್ಕೂ ಹೆಸರು ಹುಟ್ಟಿದ ವರ್ಷಕ್ಕೂ ನಡುವಿನ ಅಂತರವೇ ಈ ಪೆಟ್ಟಿಗೆಯ ವಸ್ತುವಾಗಿರುವಾಗ ಎರಡನ್ನೂ ಕಲಸಿಬಿಟ್ಟಿರುವುದು ಸಣ್ಣ ತಪ್ಪಲ್ಲ. ಆಡುವವರು ಜಗಳಕ್ಕೆ ಬೀಳುವುದು ಖಂಡಿತ. ಜಗಳದಲ್ಲಿ ಇಬ್ಬರೂ ಸರಿಯಾಗಿರುತ್ತಾರೆ.

ಮಿಕ್ಕಿ ಮೌಸ್‌ನ ಕಾರ್ಡು ನಿರೀಕ್ಷೆಯಂತೆಯೇ ಇದೆ. ವಾಲ್ಟ್ ಡಿಸ್ನಿ ಮಾರ್ಟಿಮರ್ ಎಂದು ಹೆಸರಿಡಬಯಸಿದ್ದು, ಅದು ಬಹಳ ಬಿಗುಮಾನದ ಹೆಸರಾಯಿತೆಂದು ಹೆಂಡತಿ ಲಿಲಿಯನ್ ಮಿಕ್ಕಿ ಎಂದು ಸೂಚಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. 1936ರ ಚಿತ್ರವೊಂದರಲ್ಲಿ ಮಿಕ್ಕಿಯ ಪ್ರತಿಸ್ಪರ್ಧಿಯಾಗಿ ಬರುವ ಜಂಬದ ಇಲಿಗೆ ಮಾರ್ಟಿಮರ್ ಎಂಬ ಹೆಸರೇ ಸಂದದ್ದನ್ನು ಕಾರ್ಡು ನೆನಪಿಸುತ್ತದೆ, ಒಳ್ಳೆಯ ಸೇರ್ಪಡೆ. ಆದರೆ ಪಕ್ಕದಲ್ಲಿಯೇ ಇರಬೇಕಾಗಿದ್ದ ಆಸ್ವಾಲ್ಡ್ ಎಂಬ ಮೊಲಕ್ಕೆ ಪ್ರತ್ಯೇಕ ಕಾರ್ಡಿಲ್ಲ. ಡಿಸ್ನಿ 1927ರಲ್ಲಿ ರೂಪಿಸಿದ ಆ ಮೊಲದ ಹಕ್ಕು ಯೂನಿವರ್ಸಲ್ ಸಂಸ್ಥೆಯದಾಗಿತ್ತು. 1928ರಲ್ಲಿ ಅದು ಕೈತಪ್ಪಿದ್ದರಿಂದಲೇ ಮಿಕ್ಕಿ ಹುಟ್ಟಬೇಕಾಯಿತು. ಆಸ್ವಾಲ್ಡ್ ಮತ್ತೆ ಡಿಸ್ನಿ ಸಂಸ್ಥೆಯ ಕೈಗೆ ಬಂದದ್ದು 2006ರಲ್ಲಿ, ಕ್ರೀಡಾ ವೀಕ್ಷಕ ವಿವರಣೆಗಾರ ಅಲ್ ಮೈಕಲ್ಸ್ ಅವರನ್ನು ಯೂನಿವರ್ಸಲ್‌ನ ಬಳಗಕ್ಕೇ ಸೇರಿದ್ದ ಟೆಲಿವಿಷನ್ ವಾಹಿನಿ ಎನ್‌ಬಿಸಿಗೆ ಬಿಟ್ಟುಕೊಟ್ಟ ಒಪ್ಪಂದದ ಭಾಗವಾಗಿ. ಜೀವಂತ ಮನುಷ್ಯನೊಬ್ಬನನ್ನು ಬಿಟ್ಟುಕೊಟ್ಟು ಕಾರ್ಟೂನ್ ಮೊಲವನ್ನು ಬಿಡಿಸಿಕೊಂಡು ಬಂದ ಸಂಗತಿಯನ್ನು ಹೆಸರುಗಳ ಪೆಟ್ಟಿಗೆಯೊಂದು ಬಿಟ್ಟುಬಿಟ್ಟಿರುವುದು ಆಶ್ಚರ್ಯವೇ ಸರಿ.

ವ್ಯಾಜ್ಯದ ಭಯದಿಂದ ಬದಲಾದ ಹೆಸರುಗಳಿಗೆ ಹಳದಿ ಅಂಚಿನ ಒಂದು ಪ್ರತ್ಯೇಕ ಗುಂಪಿದೆ. ನನಗೆ ಹೆಚ್ಚು ಹಿಡಿಸಿದ್ದು ಇದೇ. ಫ್ಲಿಂಟ್‌ಸ್ಟೋನ್ಸ್ ಕುಟುಂಬ 1959ರ ಮಾದರಿ ಚಿತ್ರದಲ್ಲಿ ಫ್ಲ್ಯಾಗ್‌ಸ್ಟೋನ್ಸ್ ಆಗಿತ್ತು. ಆ ಹೊತ್ತಿಗಾಗಲೇ ಪತ್ರಿಕೆಗಳಲ್ಲಿ ಬರುತ್ತಿದ್ದ ‘ಹಾಯ್ ಅಂಡ್ ಲೋಯಿಸ್’ ಎಂಬ ಕಾಮಿಕ್ ಸ್ಟ್ರಿಪ್ಪಿನ ಕುಟುಂಬದ ಹೆಸರು ಫ್ಲ್ಯಾಗ್‌ಸ್ಟನ್. ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿ ಕೇಳುತ್ತವೆ. ಹೆಸರು ಸ್ವಲ್ಪ ಕಾಲ ಗ್ಲ್ಯಾಡ್‌ಸ್ಟೋನ್ಸ್ ಆಗಿ, ಕೊನೆಗೆ ಕಿಡಿಹೊತ್ತಿಸುವ ಚಕಮಕಿ ಕಲ್ಲಿನ ಹೆಸರಿಗೆ ಬಂದು ನಿಂತಿತು. 1960ರ ಸೆಪ್ಟೆಂಬರ್ 30ರಂದು ಎಬಿಸಿಯಲ್ಲಿ ಧಾರಾವಾಹಿ ಮೊದಲಾದಾಗ ಶಿಲಾಯುಗದ ಸಂಸಾರವೊಂದಕ್ಕೆ ಇದಕ್ಕಿಂತ ಹೊಂದುವ ಹೆಸರು ಇರಲು ಸಾಧ್ಯವಿಲ್ಲ ಎನ್ನಿಸುವಂತಿತ್ತು. ಪೀಕಲಾಟದಲ್ಲಿ ಸಿಕ್ಕ ಹೆಸರು ಮೊದಲ ಆಯ್ಕೆಗಿಂತ ಮೇಲಾದ ಉದಾಹರಣೆ ಇದು.

ಪೊಪಾಯ್‌ನ ವೈರಿಯ ಕಾರ್ಡು ಇದರ ತದ್ವಿರುದ್ಧ. 1932ರಲ್ಲಿ ಇ. ಸಿ. ಸೀಗರ್ ಅವರ ಕಾಮಿಕ್ ಸ್ಟ್ರಿಪ್ಪಿನಲ್ಲಿಯೇ ಹುಟ್ಟಿದ ಗಡ್ಡದ ದೈತ್ಯನ ಹೆಸರು ಬ್ಲೂಟೋ. 1960ರ ಸುಮಾರಿಗೆ ಟೆಲಿವಿಷನ್ನಿಗಾಗಿ ಹೊಸ ಕಾರ್ಟೂನುಗಳನ್ನು ಮಾಡಿಸುವಾಗ, ಹಿಂದೆ ಚಲನಚಿತ್ರಗಳನ್ನು ಬಿಡುಗಡೆ ಮಾಡಿದ್ದ ಪ್ಯಾರಾಮೌಂಟ್ ಆ ಹೆಸರಿನ ಹಕ್ಕುದಾರ ಎಂದು ಭಾವಿಸಿದ, ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ಒದಗಿಸುತ್ತಿದ್ದ ಕಿಂಗ್ ಫೀಚರ್ಸ್ ಸಂಸ್ಥೆ ಅವನನ್ನು ಬ್ರೂಟಸ್ ಎಂದು ಬದಲಿಸಿತು. ಹೆಸರಿನ ಹಕ್ಕು ಮೊದಲಿನಿಂದಲೂ ತನ್ನದೇ ಎಂಬುದು ಅದಕ್ಕೆ ಹೊಳೆಯಲಿಲ್ಲ. ತನ್ನ ಸ್ವತ್ತಿಗೆ ತಾನೇ ಹೆದರಿ ಓಡಿದ ಈ ಪ್ರಸಂಗವನ್ನು ಓದುವಾಗ ನಗು ತಡೆಯಲಾಗುವುದಿಲ್ಲ. ಪೊಪಾಯ್ ಬಳಗದ ಮಿಕ್ಕ ಹೆಸರುಗಳಿಗೂ ಒಂದು ಕಾರ್ಡು ಮೀಸಲಾಗಿದೆ. ಆಲಿವ್ ಆಯಿಲ್ ಎಂಬ ನಾಯಕಿ, ಅವಳ ಅಣ್ಣ ಕ್ಯಾಸ್ಟರ್ ಆಯಿಲ್, ತಂದೆ ಕೋಲ್ ಆಯಿಲ್, ಮನೆಮಂದಿಯೆಲ್ಲ ಎಣ್ಣೆಗಳೇ. ಆ ಸ್ಟ್ರಿಪ್ಪು 1919ರಲ್ಲಿಯೇ ಆರಂಭವಾಗಿತ್ತು. ಪೊಪಾಯ್ ಎಂಬ ನಾವಿಕ ಕೂಲಿಯವನಾಗಿ ಅದರೊಳಗೆ ಕಾಲಿಟ್ಟದ್ದು 1929ರ ಜನವರಿಯಲ್ಲಿ. ಎಣ್ಣೆಯ ಮನೆಗೆ ಒಂಬತ್ತು ವರ್ಷ ತಡವಾಗಿ ಬಂದವನು ಮನೆಯ ಯಜಮಾನನೇ ಆಗಿಬಿಟ್ಟ.

ಇದೇ ಗುಂಪಿನಲ್ಲಿರುವ ಯೋಗಿ ಬೇರ್ ಕಾರ್ಡಿನ ಮುಂಭಾಗದಲ್ಲಿ ಬೇಸ್‌ಬಾಲ್ ಕೈಗವಸಿನ ಚಿತ್ರವಿದೆ. 1958ರಲ್ಲಿ ಈ ಕರಡಿ ತೆರೆಗೆ ಬಂದಾಗ ಯೋಗಿ ಬೆರಾ ನ್ಯೂಯಾರ್ಕ್ ಯಾಂಕೀಸ್ ತಂಡದ ಮನೆಮಾತಾದ ಆಟಗಾರ. ಹೆಸರಿನ ಹೋಲಿಕೆಯಿಂದ ಬೆರಾ ಅಸಮಾಧಾನಗೊಂಡರು. ಹ್ಯಾನಾ ಮತ್ತು ಬಾರ್ಬೆರಾ ಸಂಸ್ಥೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಧಾಟಿಯಲ್ಲಿ, ಅದು ಬರಿಯ ಕಾಕತಾಳೀಯ ಎಂದಿತು. ನಂಬುವುದು ಕಷ್ಟ, ಆದರೆ ವ್ಯಾಜ್ಯ ಮುಂದುವರಿಯಲಿಲ್ಲ. ಬೆರಾ ಅವರಿಗಾದರೂ ಆ ಹೆಸರು ಎಲ್ಲಿಂದ ಬಂತು? ಅವರು ಕಾಲುಮಡಚಿ ಕುಳಿತಿರುವ ಭಂಗಿಯನ್ನು ಕಂಡ ಬಾಲ್ಯದ ಗೆಳೆಯನೊಬ್ಬ, ಚಲನಚಿತ್ರವೊಂದರಲ್ಲಿ ನೋಡಿದ್ದ ಭಾರತದ ಯೋಗಿಯನ್ನು ನೆನೆದು ಹಾಗೆ ಕರೆದನಂತೆ. ಹೀಗೆ ನಮ್ಮ ಪದ್ಮಾಸನದ ಯೋಗಿ ಬೇಸ್‌ಬಾಲ್ ಮೈದಾನವನ್ನು ಹಾದು, ಪ್ರವಾಸಿಗರ ಬುತ್ತಿ ಕದಿಯುವ ಕರಡಿಯಲ್ಲಿ ಹೋಗಿ ಸೇರಿದ್ದಾನೆ. 2015ರಲ್ಲಿ ಬೆರಾ ತೀರಿಕೊಂಡಾಗ ಅಸೋಸಿಯೇಟೆಡ್ ಪ್ರೆಸ್‌ನ ತುರ್ತು ಸುದ್ದಿಯೊಂದು ಯೋಗಿ ಬೇರ್ ತೀರಿಕೊಂಡರು ಎಂದು ಹೊರಟು, ಆಮೇಲೆ ತಿದ್ದುಪಡಿಯಾಯಿತು. ಕಾರ್ಡು ಇಷ್ಟನ್ನೂ ಅಚ್ಚುಕಟ್ಟಾಗಿ ಹೇಳಿದೆ.

ಇನ್ನು ದೋಷಗಳು. ಡೊನಾಲ್ಡ್ ಡಕ್ ಕಾರ್ಡಿನ ಮುಂಭಾಗದಲ್ಲಿ ಕ್ರಿಕೆಟ್ ಬ್ಯಾಟಿನ ಚಿತ್ರವಿದೆ. ಹಿಂಭಾಗದಲ್ಲಿ, 1932ರ ಅಮೆರಿಕ ಪ್ರವಾಸದಲ್ಲಿ ಡೊನಾಲ್ಡ್ ಬ್ರಾಡ್‌ಮನ್ ನ್ಯೂಯಾರ್ಕಿನಲ್ಲಿ ಸೊನ್ನೆಗೆ, ಅಂದರೆ ಡಕ್ ಔಟ್ ಆದದ್ದರಿಂದ ಈ ಬಾತುಕೋಳಿಗೆ ಆ ಹೆಸರು ಬಂತು ಎಂದು ಯಾವ ಸಂಶಯವೂ ಇಲ್ಲದೆ ಬರೆದಿದೆ. ಬ್ರಾಡ್‌ಮನ್ ಆ ಪ್ರವಾಸ ಮಾಡಿದ್ದು ನಿಜ, ಅಲ್ಲಿ ಸೊನ್ನೆಗೆ ಔಟಾದದ್ದೂ ನಿಜ, ಡೊನಾಲ್ಡ್ ಡಕ್ ತೆರೆಯ ಮೇಲೆ ಬಂದದ್ದು ಅದರ ನಂತರ, 1934ರ ಜೂನ್ 9ರಂದು, ಎಂಬುದೂ ನಿಜ. ಆದರೆ 1931ರಲ್ಲಿ ಪ್ರಕಟವಾದ ಮಿಕ್ಕಿ ಮೌಸ್‌ನ ಮಕ್ಕಳ ಪುಸ್ತಕವೊಂದರಲ್ಲಿ ಮಿಕ್ಕಿಯ ಕೊಟ್ಟಿಗೆಯ ಗೆಳೆಯರ ಪಟ್ಟಿಯಿದೆ: ಹೆನ್ರಿ ಎಂಬ ಕುದುರೆ, ಕ್ಯಾರೊಲಿನ್ ಎಂಬ ಹಸು, ಪೆಟ್ರೀಶಿಯಾ ಎಂಬ ಹಂದಿ, ಅವರ ಜೊತೆಗೆ ಡೊನಾಲ್ಡ್ ಡಕ್. ಬ್ರಾಡ್‌ಮನ್ ನ್ಯೂಯಾರ್ಕಿನಲ್ಲಿ ಬ್ಯಾಟು ಹಿಡಿಯುವ ಮೊದಲೇ ಹೆಸರು ಅಚ್ಚಾಗಿತ್ತು. ಪಟ್ಟಿಯಲ್ಲಿರುವ ಪ್ರಾಣಿಗಳಲ್ಲಿ ಹೆನ್ರಿ, ಕ್ಯಾರೊಲಿನ್ ಮತ್ತು ಪೆಟ್ರೀಶಿಯಾ ಹೆಸರುಗಳು ಇಂಗ್ಲಿಷಿನಲ್ಲಿ ತಮ್ಮ ಜಾತಿಯ ಮೊದಲಕ್ಷರದಿಂದಲೇ ಆರಂಭವಾಗುತ್ತವೆ. ಡೊನಾಲ್ಡ್‌ನೂ ಹಾಗೆಯೇ ಪ್ರಾಸಕ್ಕಾಗಿ ಬಂದಿರಬಹುದೇ ಹೊರತು ಸೊನ್ನೆಗಾಗಿ ಅಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವಸರದಲ್ಲಿ ಈ ಕಾರ್ಡು ತಯಾರಾಗಿದೆ. ಕ್ರಿಕೆಟ್ ಪ್ರಿಯರಿಗೆ ಕಥೆ ರುಚಿಸುತ್ತದೆ ಎಂಬುದು ನನಗೂ ಗೊತ್ತು, ಆದರೆ ರುಚಿಸಿದ್ದೆಲ್ಲ ದಾಖಲೆಯಾಗುವುದಿಲ್ಲ.

ಪ್ಲೂಟೋ ಎಂಬ ನಾಯಿಯ ಕಾರ್ಡು ಇಷ್ಟು ಕೆಟ್ಟಿಲ್ಲ, ಆದರೂ ಮಾತು ಹದ ಮೀರಿದೆ. 1930ರ ಫೆಬ್ರವರಿಯಲ್ಲಿ ಕ್ಲೈಡ್ ಟೊಂಬಾ ಹೊಸ ಗ್ರಹವನ್ನು ಕಂಡರು; ಆಕ್ಸ್‌ಫರ್ಡಿನ ಹನ್ನೊಂದು ವರ್ಷದ ಹುಡುಗಿ ವೆನೀಶಿಯಾ ಬರ್ನಿ ಸೂಚಿಸಿದ ಪ್ಲೂಟೋ ಎಂಬ ಹೆಸರು ಮೇ 1ರಂದು ಘೋಷಣೆಯಾಯಿತು. ಅದೇ ವರ್ಷ ಡಿಸ್ನಿ ಚಿತ್ರವೊಂದರಲ್ಲಿ ಹೆಸರಿಲ್ಲದ ಬೇಟೆನಾಯಿಯಾಗಿ, ಇನ್ನೊಂದರಲ್ಲಿ ಮಿನ್ನಿಯ ರೋವರ್ ಆಗಿ ಬಂದ ನಾಯಿ 1931ರಲ್ಲಿ ಮಿಕ್ಕಿಯ ಪ್ಲೂಟೋ ಆಯಿತು. ಕಾಲ ಹೊಂದುತ್ತದೆ, ಊಹೆ ಸಹಜವಾಗಿದೆ. ಆದರೆ ಗ್ರಹವನ್ನು ನೋಡಿಯೇ ಹೆಸರಿಟ್ಟರು ಎನ್ನುವ ಸ್ಟುಡಿಯೋ ಕಾಗದ ಇಲ್ಲ. ‘ಇರಬಹುದು’ ಎಂಬ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಡಿಪ್ಪಿ ಡಾಗ್ ಎಂದು 1932ರಲ್ಲಿ ಬಂದು ಎರಡೇ ವರ್ಷದಲ್ಲಿ ಗೂಫಿ ಆದವನ ಕಾರ್ಡಿನಲ್ಲಿ ಇಂಥ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಸ್ಫೂರ್ತಿಯ ಮಾತೇ ಇಲ್ಲ.

ಬೆಟ್ಟಿ ಬೂಪ್ ಕಾರ್ಡು ತಪ್ಪು ಹೇಳಿಲ್ಲ, ಅರ್ಧಕ್ಕೆ ನಿಂತಿದೆ. 1930ರಲ್ಲಿ ಹುಟ್ಟಿದ ಈ ಪಾತ್ರದ ಹೆಸರಿನ ಉತ್ತರಾರ್ಧ ಗಾಯಕಿ ಹೆಲೆನ್ ಕೇನ್ ಹಾಡುಗಳ ನಡುವೆ ಉದುರಿಸುತ್ತಿದ್ದ ‘ಬೂಪ್ ಊಪ್ ಅ ಡೂಪ್’ ಎಂಬ ತೊದಲಿನ ನೆನಪು ತರುತ್ತದೆ ಎಂದು ಹೇಳಿ ಕಾರ್ಡು ಮುಗಿಯುತ್ತದೆ. ಆದರೆ ಕೇನ್ 1932ರಲ್ಲಿ ಎರಡೂವರೆ ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು, 1934ರಲ್ಲಿ ಸೋತರು. ಬೇಬಿ ಎಸ್ತರ್ ಎಂಬ ಕಪ್ಪು ಜನಾಂಗದ ಬಾಲಕಲಾವಿದೆ ಕೇನ್‌ಗಿಂತ ಮೊದಲೇ ಅಂಥ ತೊದಲನ್ನು ಹಾಡುತ್ತಿದ್ದಳೆಂಬ ಸಾಕ್ಷ್ಯವೂ ನ್ಯಾಯಾಲಯದಲ್ಲಿ ಬಂದಿತ್ತು. ಹಳದಿ ಅಂಚಿನ ವ್ಯಾಜ್ಯದ ಗುಂಪನ್ನು ಇಷ್ಟು ಪ್ರೀತಿಯಿಂದ ಮಾಡಿದವರು, ನ್ಯಾಯಾಲಯದ ಮೆಟ್ಟಿಲನ್ನು ನಿಜವಾಗಿಯೂ ಹತ್ತಿದ ಈ ಹೆಸರನ್ನು ಅದರಲ್ಲಿ ಸೇರಿಸದೆ ಬಿಟ್ಟದ್ದು ಹೇಗೆ?

ಉಳಿದ ಕಾರ್ಡುಗಳಲ್ಲಿ ಬಹುಪಾಲು ನಂಬಬಹುದಾದವು. 1919ರಲ್ಲಿ ಮಾಸ್ಟರ್ ಟಾಮ್ ಎಂದಿದ್ದ ಬೆಕ್ಕು ಫೀಲಿಕ್ಸ್ ಆದದ್ದು, ಸಿಲ್ವೆಸ್ಟರ್ ಎಂಬ ಬೆಕ್ಕು 1947ರಲ್ಲಿ ಆಸ್ಕರ್ ಗೆದ್ದ ಚಿತ್ರದಲ್ಲಿ ಇನ್ನೂ ಥಾಮಸ್ ಆಗಿದ್ದದ್ದು, ಚಿಪ್ ಮತ್ತು ಡೇಲ್ ಹೆಸರಿನೊಳಗೆ ಹದಿನೆಂಟನೆಯ ಶತಮಾನದ ಪೀಠೋಪಕರಣ ತಯಾರಕ ಥಾಮಸ್ ಚಿಪ್ಪೆಂಡೇಲ್ ಅಡಗಿ ಕುಳಿತಿರುವುದು, ಇವೆಲ್ಲ ಚುರುಕಾಗಿವೆ. ಸ್ಕೂಬಿ ಡೂ ಕಾರ್ಡಿನಲ್ಲಿ ಸಿಬಿಎಸ್ ಅಧಿಕಾರಿ ಫ್ರೆಡ್ ಸಿಲ್ವರ್‌ಮನ್ ಫ್ರ್ಯಾಂಕ್ ಸಿನಾತ್ರಾ ಹಾಡಿನ ಕೊನೆಯ ಅರ್ಥವಿಲ್ಲದ ಗುನುಗಿನಿಂದ ನಾಯಿಗೆ ಹೆಸರು ಕಟ್ಟಿದ್ದನ್ನೂ, ಅದಕ್ಕೆ ಮೊದಲು ನಾಯಿಯ ಹೆಸರು ಟೂ ಮಚ್ ಆಗಿದ್ದದ್ದನ್ನೂ ಹೇಳಿದೆ. ಅಮೆರಿಕದ ಹೊರಗಿನ ಕಾರ್ಡುಗಳು ಕಡಿಮೆ. ಅವುಗಳಲ್ಲಿ ಸ್ಮರ್ಫ್ ಕಾರ್ಡು ಸೊಗಸಾಗಿದೆ: ಬೆಲ್ಜಿಯಮ್ಮಿನ ಚಿತ್ರಕಾರ ಪೇಯೋ ಊಟದ ಮೇಜಿನಲ್ಲಿ ಉಪ್ಪು ಎಂಬ ಪದ ನೆನಪಿಗೆ ಬಾರದೆ ಗೆಳೆಯ ಫ್ರಾಂಕ್ವಿನ್‌ಗೆ ಆ ‘ಶ್ತ್ರೂಂಫ್’ ಕೊಡು ಎಂದುಬಿಟ್ಟದ್ದು, ಇಬ್ಬರೂ ಮಾತಿನ ತುಂಬ ಅದೇ ಪದವನ್ನು ತುರುಕಿ ಆಡಿದ್ದು, 1958ರಲ್ಲಿ ನೀಲಿ ಕುಳ್ಳರಿಗೆ ಅದೇ ಹೆಸರಾದದ್ದು. ಸ್ಮರ್ಫ್ ಎಂಬುದು ಅದರ ಡಚ್ ರೂಪ.

ತಯಾರಿಕೆಯ ಗುಣಮಟ್ಟ ಮಿಶ್ರವಾಗಿದೆ. ಕಾರ್ಡುಗಳು ದಪ್ಪನಾಗಿವೆ, ಮಿರುಗು ಇಲ್ಲದ ಮೇಲ್ಮೈಯಿಂದಾಗಿ ದೀಪದ ಕೆಳಗೂ ಸುಲಭವಾಗಿ ಓದಬಹುದು. ಆದರೆ ಹಳದಿ ಅಂಚಿನ ಗುಂಪಿನಲ್ಲಿ ಬೂದು ಬಣ್ಣದ ಸಣ್ಣ ಅಕ್ಷರಗಳು ಕಣ್ಣಿಗೆ ಶ್ರಮ ಕೊಡುತ್ತವೆ. ಪೆಟ್ಟಿಗೆಯ ಮುಚ್ಚಳ ಎಷ್ಟು ಬಿಗಿಯೆಂದರೆ ಮಕ್ಕಳ ಕೈಗೆ ಕೊಟ್ಟರೆ ಮೊದಲು ಹರಿಯುವುದು ಅದೇ. ಕಿರುಪುಸ್ತಿಕೆಯಲ್ಲಿ ಆಟದ ನಿಯಮಗಳಿವೆ, ಅಕಾರಾದಿ ಸೂಚಿ ಇಲ್ಲ. ಕೈಬಿಟ್ಟ ಹೆಸರಿನಿಂದ ಪಾತ್ರವನ್ನು ಹುಡುಕುವ ದಾರಿ ಇಲ್ಲದಿರುವುದು ಇಂಥ ಪೆಟ್ಟಿಗೆಗೆ ದೊಡ್ಡ ಕೊರತೆ.

ಹತ್ತು ವರ್ಷ ದಾಟಿದ ಮಕ್ಕಳಿಗೂ, ಈ ಕಾರ್ಟೂನುಗಳನ್ನು ನೋಡಿ ಬೆಳೆದ ದೊಡ್ಡವರಿಗೂ ಇದನ್ನು ಕೊಡಬಹುದು. ಐದರಲ್ಲಿ ಮೂರೂವರೆ ಅಂಕ ನನ್ನ ಲೆಕ್ಕ. ರಸಪ್ರಶ್ನೆ ನಡೆಸುವವರು ಡೊನಾಲ್ಡ್ ಡಕ್ ಕಾರ್ಡನ್ನು ಕಟ್ಟಿನಿಂದ ತೆಗೆದಿಟ್ಟು, ಕಾಲಾನುಕ್ರಮದ ಆಟವನ್ನು ಕೈಬಿಟ್ಟು, ಊಹೆಯ ಆಟವನ್ನು ಮಾತ್ರ ಆಡಿಸುವುದು ಒಳ್ಳೆಯದು. ಮುಂದಿನ ಮುದ್ರಣದಲ್ಲಿ ಪ್ರತಿ ಕಾರ್ಡಿನ ಮೂಲೆಯಲ್ಲಿ ಪಾತ್ರದ ವರ್ಷ, ಹೆಸರಿನ ವರ್ಷ ಎರಡನ್ನೂ ಬೇರೆ ಬೇರೆಯಾಗಿ ಅಚ್ಚುಹಾಕಿದರೆ ಆ ಎರಡನೆಯ ಆಟವೂ ಆಡಲು ಯೋಗ್ಯವಾಗುತ್ತದೆ.